ತೆರೆಯ ಮೇಲೆ ಕೊಳಲು, ತೆರೆಯ ಮುಂದೆ ನಾದ

ಸಿನಿಮಾ ನೋಡುವುದೆಂದರೆ ಏನು ಎಂದು ಇಂದಿನ ಯಾವ ಹುಡುಗನನ್ನು ಕೇಳಿದರೂ ಅವನು ನಮ್ಮ ಮುಖವನ್ನೇ ಪಿಳಿಪಿಳಿ ನೋಡಿಯಾನು. ಅದನ್ನೂ ಕೇಳಬೇಕೆ? ಟಿಕೇಟು ತೆಗೆಯುವುದು, ಕತ್ತಲೆಯಲ್ಲಿ ಕೂಡ್ರುವುದು, ದೀಪ ಹತ್ತಿದಾಗ ಎದ್ದು ಬರುವುದು. ಆದರೆ ತೆರೆಯ ಮುಂದೆ ದೊಡ್ಡದೊಂದು ವಾದ್ಯವೃಂದ ಪಿಟೀಲು, ಕೊಳಲು, ಕಹಳೆ, ನಗಾರಿಗಳೊಡನೆ ಕುಳಿತು, ಚಿತ್ರ ಓಡುತ್ತಿರುವಾಗಲೇ ಅದರ ಸಂಗೀತವನ್ನೆಲ್ಲ ಪ್ರೇಕ್ಷಕರ ಕಣ್ಣೆದುರಿಗೆ ನುಡಿಸುವ ಪದ್ಧತಿಯೊಂದು ಈಗ ದೊಡ್ಡ ನಗರಗಳಲ್ಲಿ ಜನಪ್ರಿಯವಾಗಿದೆ. 2019ರ ಅಕ್ಟೋಬರ್ 19ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಮ್ಮ ನೆರೆಯ ತೆಲುಗರ ‘ಬಾಹುಬಲಿ’ ಚಿತ್ರವನ್ನು ಹೀಗೆ ತೋರಿಸಿದರು. 2025ರ ಮೇ 11ರಂದು ಅದೇ ಸಭಾಂಗಣದಲ್ಲಿ ‘ಆರ್‌ಆರ್‌ಆರ್’ ಚಿತ್ರಕ್ಕೂ ಆ ಭಾಗ್ಯ ಬಂದಿತು.

ಹೊರದೇಶದಲ್ಲಿ ಮಕ್ಕಳಿರುವ ನಮ್ಮ ಸಂಘದ ತಂದೆತಾಯಂದಿರು ಇಂಥ ಸುದ್ದಿಯನ್ನು ಬಹು ಉತ್ಸಾಹದಿಂದ ಹೇಳುತ್ತಾರೆ. ಹೇಳಿ ಮುಗಿಸುವಾಗ ಮಾತ್ರ, “ನಮ್ಮ ನಾಸಿಕಕ್ಕೆ ಇಂಥದೆಲ್ಲ ಎಲ್ಲಿಂದ ಬರಬೇಕು!” ಎಂದು ಒಂದು ನಿಟ್ಟುಸಿರು ಬಿಡುತ್ತಾರೆ. ಈ ಸಲದ ನಮ್ಮ ಬರಹ ಆ ನಿಟ್ಟುಸಿರನ್ನು ಕುರಿತದ್ದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿ ನಿಜವಾದಷ್ಟು ಬೇರೆಲ್ಲಿಯೂ ಆಗಿರಲಿಕ್ಕಿಲ್ಲ. ಏಕೆಂದರೆ ಲಂಡನ್ನಿನವರು ಈಗ ಹೆಚ್ಚು ಹಣ ತೆತ್ತು ನೋಡುವ ಈ ಆಟ ಒಂದು ಕಾಲಕ್ಕೆ ಎಲ್ಲ ಸಿನಿಮಾದ ಸಹಜ ರೀತಿಯಾಗಿತ್ತು; ನಮ್ಮ ದೇಶದಲ್ಲಿ ಅಂಥ ಸಿನಿಮಾ ಬೆಳೆದ ಮನೆಗಳಲ್ಲಿ ಮುಖ್ಯವಾದುದು ಇದೇ ನಾಸಿಕ.

ಮೊದಲು ಈ ಹೊಸ ಪದ್ಧತಿಯ ಒಳಗುಟ್ಟನ್ನು ತಿಳಿಯೋಣ. ಇಂದಿನ ಚಿತ್ರದಲ್ಲಿ ಮಾತು, ಸದ್ದು, ಸಂಗೀತ ಮೂರನ್ನೂ ಬೇರೆ ಬೇರೆಯಾಗಿ ಮುದ್ರಿಸಿ ಆಮೇಲೆ ಬೆರೆಸುತ್ತಾರೆ. ಇಂಥ ಪ್ರದರ್ಶನಕ್ಕೆ ಸಂಗೀತವನ್ನು ಮಾತ್ರ ಹಿಂದೆಗೆದು, ಮಾತು ಮತ್ತು ಸದ್ದುಗಳನ್ನು ಹಾಗೆಯೇ ಉಳಿಸುತ್ತಾರೆ. ಬರಿದಾದ ಜಾಗವನ್ನು ವಾದ್ಯಗಾರರು ತುಂಬಬೇಕು. ವೃಂದದ ನಾಯಕನ ಮುಂದೆ ಸಣ್ಣದೊಂದು ತೆರೆ ಇರುತ್ತದೆ. ಅದರಲ್ಲಿ ಚಿತ್ರದ ಮೇಲೆಯೇ ಬಣ್ಣದ ಗೆರೆಯೊಂದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುತ್ತದೆ. ಗೆರೆ ಅಂಚು ಮುಟ್ಟಿದಾಗ ಬಿಳಿಯ ಚುಕ್ಕೆಯೊಂದು ಫಕ್ಕನೆ ಮಿಂಚುತ್ತದೆ. ಆ ಕ್ಷಣಕ್ಕೆ ಸರಿಯಾಗಿ ವಾದ್ಯವೃಂದ ಗೊತ್ತಾದ ಸ್ವರವನ್ನು ಮುಟ್ಟಿರಬೇಕು. ಹಲವೆಡೆ ವಾದ್ಯಗಾರರ ಕಿವಿಯಲ್ಲಿ ಗಡಿಯಾರದಂತೆ ಟಿಕ್ ಟಿಕ್ ಎಂದು ತಾಳದ ಸದ್ದೂ ಬೀಳುತ್ತಿರುತ್ತದೆ. ಕಚೇರಿಯಲ್ಲಿಯಾದರೆ ಗವಾಯಿ ತಬಲಜಿಯ ಕಡೆ ತಿರುಗಿ ನಕ್ಕು ಇನ್ನೊಂದು ಆವರ್ತನ ಬೆಳೆಸಬಹುದು. ಇಲ್ಲಿ ಆ ಮಾತಿಲ್ಲ. ಚಿತ್ರವೆಂಬ ಯಜಮಾನ ಯಾರಿಗಾಗಿಯೂ ಕಾಯುವುದಿಲ್ಲ.

ಹಳೆಯ ಪದ್ಧತಿ ಹೀಗಿರಲಿಲ್ಲ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಮೊದಲ ಸಲ ಕಾಣಿಸಿಕೊಂಡವು. ಕೆಲವೇ ದಿನಗಳಲ್ಲಿ ಆಟ ನಾವೆಲ್ಟಿ ನಾಟಕಗೃಹಕ್ಕೆ ಬಂದಿತು, ಅಲ್ಲಿ ಎಫ್. ಸೀಮೂರ್ ಡವ್ ಎಂಬವರ ನೇತೃತ್ವದಲ್ಲಿ ಚಿತ್ರಕ್ಕೆ ತಕ್ಕ ಸಂಗೀತವೂ ಉಂಟೆಂದು ಜಾಹೀರಾತು ಕೊಟ್ಟಿದ್ದರು. ಎಂದರೆ, ನಮ್ಮ ದೇಶದಲ್ಲಿ ಸಿನಿಮಾ ಕಣ್ಣು ತೆರೆದ ತಿಂಗಳಲ್ಲಿಯೇ ಅದರ ಪಕ್ಕದಲ್ಲಿ ವಾದ್ಯಗಾರ ಬಂದು ಕುಳಿತಿದ್ದ. ಮುಂದೆ 1908ರಲ್ಲಿ ಫ್ರಾನ್ಸಿನ ಪ್ರಸಿದ್ಧ ಸಂಗೀತಗಾರ ಸಾಂ-ಸಾನ್ಸ್ ಅವರು ಒಂದು ಚಿತ್ರಕ್ಕೆಂದೇ ಸಂಗೀತ ಬರೆದುಕೊಟ್ಟರು. ಆದರೆ ಅಂಥ ಬರೆದ ಸಂಗೀತ ಎಲ್ಲ ಊರಿಗೂ ಎಟುಕುವಂಥದಲ್ಲ. ಬಹುತೇಕ ಊರುಗಳಲ್ಲಿ ಸಂಗೀತ ಆಯಾ ಊರಿನವರದೇ.

ಲಖನೌದ ಹುಡುಗನೊಬ್ಬನ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿಯ ಚಿತ್ರಮಂದಿರದ ಮಾಲಿಕರು ತಬಲಾ, ಹಾರ್ಮೋನಿಯಂ, ಸಿತಾರು, ಪಿಟೀಲು ನುಡಿಸುವವರನ್ನು ಸಂಬಳಕ್ಕಿಟ್ಟಿದ್ದರು. ವಾದ್ಯಗಾರರು ಚಿತ್ರವನ್ನು ಮೊದಲೇ ಒಮ್ಮೆ ನೋಡಿ, ಎಲ್ಲಿ ಏನು ಬೇಕೆಂದು ಗುರುತು ಹಾಕಿಕೊಂಡು, ಶ್ರುತಿ ಗೊತ್ತುಮಾಡಿಕೊಳ್ಳುವರು. ಸಂಜೆ ಆಟ ಸುರುವಾದಾಗ ತೆರೆಯ ಮುಂದೆ ಕುಳಿತು ಒಂದೊಂದು ದೃಶ್ಯಕ್ಕೂ ನುಡಿಸುವರು. ಹುಡುಗ ಚಿತ್ರ ನೋಡುವ ನೆಪದಲ್ಲಿ ಇವರನ್ನು ಕೇಳಲು ಹೋಗುತ್ತಿದ್ದ. ದೊಡ್ಡವನಾದ ಮೇಲೆ ಅವನೇ ಹಿಂದೀ ಚಿತ್ರಸಂಗೀತದ ಮಹನೀಯ ನೌಷಾದ್ ಆದನು. ಅವರ ಮೊದಲ ಪಾಠಶಾಲೆ ಮೂಕಚಿತ್ರದ ಮುಂದಿನ ಬೆಂಚು ಎಂದರೆ ತಪ್ಪಾಗದು.

ಆ ವಾದ್ಯಗಾರರ ಕಷ್ಟವೂ ಸಣ್ಣದಲ್ಲ. ಆಗಿನ ಯಂತ್ರಗಳನ್ನು ಕೈಯಿಂದ ತಿರುವುತ್ತಿದ್ದರು. ಸಿನಿಮಾದ ಫಿಲ್ಮಿನ ಒಂದು ಅಡಿಯಲ್ಲಿ 16 ಚಿತ್ರಗಳಿರುತ್ತವೆ. ಸೆಕೆಂಡಿಗೆ 16 ಚಿತ್ರದಂತೆ ಓಡಿಸಿದರೆ ಸಾವಿರ ಅಡಿಯ ಒಂದು ರೀಲು ಹದಿನಾರೂ ಮುಕ್ಕಾಲು ನಿಮಿಷದ ಸಮೀಪ ಓಡೀತು. ಮುಂದೆ ಟಾಕಿ ಬಂದ ಮೇಲೆ ಗಟ್ಟಿಯಾದ 24ರ ವೇಗದಲ್ಲಿ ಓಡಿಸಿದರೆ ಹನ್ನೊಂದು ನಿಮಿಷಕ್ಕೇ ಮುಗಿದೀತು. ಹಳೆಯ ಚಿತ್ರಗಳಲ್ಲಿ ಜನ ದಡದಡನೆ ಓಡಾಡುವುದನ್ನು ಕಂಡು ನಾವು ನಗುತ್ತೇವಲ್ಲ, ಅದು ಅವರ ತಪ್ಪಲ್ಲ, ನಮ್ಮ ಯಂತ್ರದ ಅವಸರ. ಯಂತ್ರ ತಿರುವುವವನ ತೋಳಿನ ಕಸುವಿಗೆ ತಕ್ಕಂತೆ ತಬಲೆಯ ಲಯವನ್ನು ಏರಿಸಿ ಇಳಿಸಿಕೊಳ್ಳಬೇಕಾಗಿತ್ತು. ಮಧ್ಯದಲ್ಲಿ ಫಿಲ್ಮು ಹರಿದರೆ ಅದು ಅಂಟುವವರೆಗೂ ಪೇಟಿಯವನೇ ಸಭೆಯನ್ನು ಹಿಡಿದು ಕೂಡ್ರಿಸಬೇಕು.

ಇನ್ನೊಬ್ಬ ಮನುಷ್ಯನನ್ನೂ ಇಲ್ಲಿ ನೆನೆಯಬೇಕು. ಮೂಕಚಿತ್ರದ ನಡುನಡುವೆ ಬರಹದ ಫಲಕಗಳು ಬರುತ್ತಿದ್ದವು. ಓದು ಬಾರದವರೇ ಹೆಚ್ಚಾಗಿದ್ದ ಆ ದಿನಗಳಲ್ಲಿ ಅದನ್ನು ಗಟ್ಟಿಯಾಗಿ ಓದಿ, ಊರಿನ ಭಾಷೆಯಲ್ಲಿ ಬಿಡಿಸಿ ಹೇಳುವವನೊಬ್ಬನು ಅನೇಕ ಕಡೆ ತೆರೆಯ ಪಕ್ಕದಲ್ಲಿ ನಿಲ್ಲುತ್ತಿದ್ದ. ಒಂದೇ ಚಿತ್ರ ಪುಣೆಯಲ್ಲಿ ಮರಾಠಿಯಾಗುವುದು, ಧಾರವಾಡದಲ್ಲಿ ಕನ್ನಡವಾಗುವುದು, ಇವನಿಂದ ಸಾಧ್ಯವಿತ್ತು. ಮೂಕಚಿತ್ರಕ್ಕೆ ತನ್ನದೆಂಬ ಮಾತೃಭಾಷೆ ಇರಲಿಲ್ಲ. ಮುಂದೆ ಕುಳಿತವರ ಭಾಷೆಯೇ ಅದರ ಭಾಷೆ. ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರು ಈ ಮಾತನ್ನು ಸ್ವಲ್ಪ ನಿಂತು ಯೋಚಿಸತಕ್ಕದ್ದು.

ಈಗ ನಮ್ಮ ಹಿತ್ತಲಿಗೆ ಬರೋಣ. ಧುಂಡಿರಾಜ ಗೋವಿಂದ ಫಾಲ್ಕೆ, ಎಂದರೆ ದಾದಾಸಾಹೇಬ ಫಾಲ್ಕೆಯವರು, 1870ರ ಏಪ್ರಿಲ್ 30ರಂದು ಹುಟ್ಟಿದ್ದು ನಾವು ವರುಷಕ್ಕೊಮ್ಮೆಯಾದರೂ ದರ್ಶನಕ್ಕೆ ಹೋಗುವ ತ್ರ್ಯಂಬಕೇಶ್ವರದಲ್ಲಿ. ಅವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯ ಗಿರಗಾಂವದ ಕಾರೊನೇಶನ್ ಚಿತ್ರಮಂದಿರದಲ್ಲಿ ಜನರ ಮುಂದೆ ಬಂದಿತು. ಅದಾದ ಮೇಲೆ ಅವರು ತಮ್ಮ ಕಾರ್ಯಸ್ಥಾನವನ್ನು ನಾಸಿಕಕ್ಕೆ ತಂದರು. 1918ರಲ್ಲಿ ಹಿಂದುಸ್ಥಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಇಲ್ಲಿ ಹುಟ್ಟಿತು. ಫಿಲ್ಮಿನ ಅಂಚಿಗೆ ತೂತು ಹಾಕುವುದರಿಂದ ಹಿಡಿದು ಹಲವು ಕೆಲಸಗಳಲ್ಲಿ ಗಂಡನಿಗೆ ಸಮಸಮವಾಗಿ ದುಡಿದವರು ಸರಸ್ವತೀಬಾಯಿ. 1944ರ ಫೆಬ್ರವರಿ 16ರಂದು ದಾದಾಸಾಹೇಬರು ಕಣ್ಣು ಮುಚ್ಚಿದ್ದೂ ನಾಸಿಕದಲ್ಲಿಯೇ. ಪಾಂಡವಲೇಣಿಯ ಬುಡದಲ್ಲಿ ಅವರ ಹೆಸರಿನ ಸ್ಮಾರಕವಿರುವುದು ಮುಂಬಯಿ-ಆಗ್ರಾ ರಸ್ತೆಯಲ್ಲಿ ಓಡಾಡುವ ನಮಗೆಲ್ಲ ಗೊತ್ತಿದೆ.

ಈ ಕಂಪನಿ 1919ರಲ್ಲಿ ತೆಗೆದ ಚಿತ್ರ ‘ಕಾಲಿಯ ಮರ್ದನ’. ನಾವು ಕಾಳಿಂಗಮರ್ದನ ಎನ್ನುವ ಅದೇ ಭಾಗವತದ ಕತೆ. ಅಂದಿನ ಚಿತ್ರಗಳಲ್ಲಿ ಬಹುಪಾಲು ನಾಶವಾಗಿ ಹೋಗಿರುವಾಗ ಇದು ಬಹುಮಟ್ಟಿಗೆ ಉಳಿದುಕೊಂಡದ್ದು ನಮ್ಮ ಪುಣ್ಯ. ಕೃಷ್ಣನಾದವಳು ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ. ಚಿತ್ರದ ಮೊದಲಲ್ಲಿಯೇ ಆ ಹುಡುಗಿಯ ಮುಖವೊಂದನ್ನೇ ತೋರಿಸುತ್ತಾರೆ. ನಗು, ಸಿಟ್ಟು, ಅಳು, ಅಚ್ಚರಿ ಒಂದರ ಹಿಂದೊಂದು ಆ ಮುಖದ ಮೇಲೆ ಹಾದುಹೋಗುತ್ತವೆ. ನೋಡುತ್ತಿದ್ದಂತೆ ಹುಡುಗಿ ಕೃಷ್ಣನಾಗಿಬಿಡುತ್ತಾಳೆ. ಆಮೇಲೆ ಬೆಣ್ಣೆಯ ಕಳವು, ಗೋಪಾಲಕರ ಪುಂಡಾಟ, ಕೊನೆಗೆ ಹೊಳೆಗೆ ಹಾರುವುದು, ದಂಡೆಯ ಮೇಲೆ ಯಶೋದೆಯ ಗೋಳು, ಹಾವಿನ ಹೆಡೆಯ ಮೇಲೆ ಬಾಲಕನ ವಿಜಯ.

ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಕೃಷ್ಣನೆಂದ ಮೇಲೆ ಕೊಳಲು ಬರಲೇಬೇಕು. ಆದರೆ ಚಿತ್ರ ಮೂಕ. ತೆರೆಯ ಮೇಲೆ ಕೊಳಲು ಕಾಣುತ್ತದೆ, ಬೆರಳು ಆಡುತ್ತವೆ, ಕೇಳುವುದು ಮಾತ್ರ ಏನೂ ಇಲ್ಲ. ಫಾಲ್ಕೆಯವರು ಇಷ್ಟು ತಿಳಿಯದವರೆ? ತೆರೆಯ ಮುಂದೆ ನುಡಿಸುವವನೊಬ್ಬ ಇದ್ದೇ ಇರುತ್ತಾನೆಂಬ ಭರವಸೆ ಆ ಕಾಲದ ಎಲ್ಲ ಚಿತ್ರಕಾರರಿಗೂ ಇತ್ತು. ಚಿತ್ರದ ಅರ್ಧ ಭಾಗವನ್ನು ಅವರು ತೆಗೆದರು. ಉಳಿದರ್ಧವನ್ನು ಊರೂರಿನವರ ಪಾಲಿಗೆ ಬಿಟ್ಟರು. ಆದ್ದರಿಂದ ಇಂಥ ಚಿತ್ರವನ್ನು ಸದ್ದಿಲ್ಲದೆ ನೋಡುವುದೆಂದರೆ ಉಪ್ಪಿಲ್ಲದ ಅಡಿಗೆ ಉಂಡು ಅಡಿಗೆಯವನನ್ನು ದೂರಿದಂತೆ. 2024ರ ನವೆಂಬರಿನಲ್ಲಿ ಗೋವೆಯಲ್ಲಿ ನಡೆದ 55ನೆಯ ಭಾರತ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ, ಹೊಸದಾಗಿ ಶುದ್ಧಿಮಾಡಿದ ‘ಕಾಲಿಯ ಮರ್ದನ’ವನ್ನು ಸಾತ್ಯಕಿ ಬ್ಯಾನರ್ಜಿಯವರ ತಂಡದ ಪ್ರತ್ಯಕ್ಷ ಸಂಗೀತದೊಡನೆ ತೋರಿಸಿದರು. ನೂರಾ ಐದು ವರುಷದ ಮೇಲೆ ನಾಸಿಕದ ಕೃಷ್ಣನಿಗೆ ಬಂಗಾಲದ ಕಲಾವಿದರು ದನಿ ಕೊಟ್ಟರು. ಸಂತೋಷದ ಮಾತು. ಆದರೆ ನಾಸಿಕದ ನಾವೇ ಕೊಡಬಾರದೆಂದು ಯಾರೂ ಕಟ್ಟಳೆ ಮಾಡಿಲ್ಲವಷ್ಟೆ!

“ಇದು ಮರಾಠಿಯವರ ಹೆಮ್ಮೆ, ಇದರಲ್ಲಿ ನಮ್ಮದೇನು?” ಎಂದು ಕೇಳುವವರಿದ್ದಾರು. ಅವರಿಗೆ ನಾವು ಹೇಳುವುದಿಷ್ಟು: ಈ ವಿದ್ಯೆ ಕನ್ನಡಿಗರಿಗೆ ಸಿನಿಮಾಕ್ಕಿಂತ ಮೊದಲೇ ತಿಳಿದಿತ್ತು. ಯಕ್ಷಗಾನದ ಭಾಗವತರನ್ನು ನೆನೆಯಿರಿ. ವೇಷಧಾರಿಯ ಹೆಜ್ಜೆಯ ಮೇಲೆ ಕಣ್ಣಿಟ್ಟು, ಪದವನ್ನು ಎಳೆಯುವುದೋ ಮುಗಿಸುವುದೋ ಎಂದು ಆ ಕ್ಷಣದಲ್ಲಿಯೇ ನಿರ್ಧರಿಸಿ, ಚೆಂಡೆ ಮದ್ದಳೆಗಳವರಿಗೆ ಕಣ್ಸನ್ನೆ ಮಾಡುವವರು ಅವರಲ್ಲವೆ? ಕಂಪನಿ ನಾಟಕದ ಪೇಟಿ ಮಾಸ್ತರರೂ ಹಾಗೆಯೇ. ನಟ ಮಾತು ಮರೆತರೆ ಅವರ ಪೇಟಿ ಒಂದು ಸುತ್ತು ಹೆಚ್ಚಾಗಿ ನುಡಿದು ಮಾನ ಕಾಯುತ್ತಿತ್ತು.

ಮೂಕಚಿತ್ರದಲ್ಲಿಯೂ ನಮ್ಮವರು ಹಿಂದೆ ಬಿದ್ದಿರಲಿಲ್ಲ. ನಾಟಕರತ್ನ ಗುಬ್ಬಿ ವೀರಣ್ಣನವರು ಮೂಕಚಿತ್ರಗಳನ್ನು ತೆಗೆಸಿ ಕೈ ನೋಡಿಕೊಂಡವರು. ಮೋಹನ್ ಭವನಾನಿಯವರು ‘ಮೃಚ್ಛಕಟಿಕ’ದ ಕತೆಯನ್ನು ‘ವಸಂತಸೇನಾ’ ಎಂಬ ಮೂಕಚಿತ್ರವಾಗಿ ತೆಗೆದಾಗ ಅದರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರೂ ನಮ್ಮ ಟಿ. ಪಿ. ಕೈಲಾಸಂ ಅವರೂ ಪಾತ್ರ ವಹಿಸಿದ್ದರು. ಕೈಲಾಸಂ ಮತ್ತು ಮೂಕಚಿತ್ರ! ಮಾತಿನ ಗಣಿಯಂತಿದ್ದ ಆ ಮನುಷ್ಯನನ್ನು ಬಾಯಿ ಆಡಿಸಿಯೂ ಕೇಳಿಸದಂತೆ ಕೂಡ್ರಿಸಿದ್ದನ್ನು ನೆನೆದರೆ ನಗು ಬರುವುದಿಲ್ಲವೆ?

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ಕಿನಲ್ಲಿ ‘ಆಲಂ ಆರಾ’ ಮಾತನಾಡಿತು. ಮೂರು ವರುಷ ಕಳೆಯುವುದರೊಳಗೆ, 1934ರ ಮಾರ್ಚ್ 3ರಂದು, ಬೆಂಗಳೂರಿನಲ್ಲಿ ‘ಸತಿ ಸುಲೋಚನಾ’ ಕನ್ನಡದಲ್ಲಿ ಮಾತನಾಡಿತು. ಆ ಮೊದಲ ಕನ್ನಡ ಟಾಕಿಯ ಚಿತ್ರೀಕರಣ ನಡೆದದ್ದು ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ, ನಿರ್ದೇಶಕರು ವೈ. ವಿ. ರಾವ್, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ರಂಗಭೂಮಿಯ ಹುಲಿಗಳು ಅದರ ಆಧಾರಸ್ತಂಭಗಳು. ಕನ್ನಡದ ಮಾತು ತೆರೆಯ ಮೇಲೆ ಮೊದಲು ಮೂಡಿದ್ದು ಈ ಮಣ್ಣಿನಿಂದ ಎಂಬುದನ್ನು ಇಲ್ಲಿ ಬಾಳುವ ನಾವು ಮರೆಯಬಾರದು. ಟಾಕಿ ಬಂದದ್ದು ಕನ್ನಡಕ್ಕೆ ಲಾಭವೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಾಕಿ ಬಂದ ಊರೂರಲ್ಲಿ ತೆರೆಯ ಮುಂದಿನ ತಬಲಜಿ, ಪೇಟಿಯವ, ಪಿಟೀಲಿನವ ತಮ್ಮ ತಮ್ಮ ವಾದ್ಯ ಕಟ್ಟಿಕೊಂಡು ಮನೆಗೆ ಹೋದರು. ಅಲ್ಲಿಯವರೆಗೆ ಊರಿನವರೂ ಕೂಡಿ ಮಾಡುತ್ತಿದ್ದ ಆಟ ಅಂದಿನಿಂದ ಬರಿಯ ನೋಡುವ ಆಟವಾಯಿತು.

ಈಗ ಸಂಭಾಜಿನಗರದ ನಮ್ಮ ಬಾಂಧವರಿಗೆ ಎರಡು ಮಾತು. 2023ರವರೆಗೆ ಔರಂಗಾಬಾದ ಎನ್ನಿಸಿಕೊಂಡಿದ್ದ ಆ ನಗರಕ್ಕೂ ಈ ವಿಷಯಕ್ಕೂ ಏನು ಸಂಬಂಧವೆಂದು ಅವರು ಕೇಳಬಹುದು. ಒಂದು ಆದಿತ್ಯವಾರ ಮಕ್ಕಳನ್ನು ಕರೆದುಕೊಂಡು ವೇರೂಳದ ಕೈಲಾಸ ದೇವಾಲಯಕ್ಕೆ ಹೋಗಿರಿ. ಕನ್ನಡ ನಾಡಿನ ರಾಷ್ಟ್ರಕೂಟರು ಎಂಟನೆಯ ಶತಮಾನದಲ್ಲಿ ಬೆಟ್ಟವನ್ನೇ ಕಡಿದು ಮೂಡಿಸಿದ ಆ ಗುಡಿ ಒಂದನೆಯ ಕೃಷ್ಣರಾಜನ ಕಾಲದ್ದೆಂದು ಇತಿಹಾಸಜ್ಞರು ಹೇಳುತ್ತಾರೆ. ಅದರ ಗೋಡೆಯ ಮೇಲೆ ಸಾಲು ಸಾಲಾಗಿ ಒಂದು ಕಡೆ ರಾಮಾಯಣ, ಇನ್ನೊಂದು ಕಡೆ ಮಹಾಭಾರತ ಮತ್ತು ಕೃಷ್ಣನ ಬಾಲಲೀಲೆ. ಒಂದು ಚಿತ್ರ, ಅದರ ಪಕ್ಕದಲ್ಲಿ ಮುಂದಿನ ಚಿತ್ರ, ಅದರ ಮುಂದೆ ಇನ್ನೊಂದು. ಬಿಚ್ಚಿ ಹರವಿದ ಫಿಲ್ಮಿನಂತೆಯೇ ಇದೆ. ಕಲ್ಲು ಮೂಕ. ಪಕ್ಕದಲ್ಲಿ ನಿಂತು ನೀವು ಕತೆ ಹೇಳಿದರೆ ಮಗು ಅರ್ಧ ಗಂಟೆ ಅಲ್ಲಿಂದ ಕದಲುವುದಿಲ್ಲ. ಹೇಳದಿದ್ದರೆ ಎರಡು ನಿಮಿಷಕ್ಕೆ ಕುಲ್ಫಿ ಕೇಳುತ್ತದೆ. ಮೂಕಚಿತ್ರದ ಧರ್ಮವೂ ಇಷ್ಟೇ.

ಆ ಊರಿನ ಬೀಬಿ ಕಾ ಮಕಬರಾ ತಾಜಮಹಲಿನ ತಂಗಿಯೆಂದು ಹೆಸರಾದದ್ದು. ತಾಜಮಹಲಿನ ಹುಟ್ಟಿನ ಕತೆಯನ್ನೇ ವಸ್ತುವಾಗಿಟ್ಟುಕೊಂಡು 1928ರಲ್ಲಿ ಹಿಮಾಂಶು ರಾಯರು ನಿರ್ಮಿಸಿದ ಮೂಕಚಿತ್ರ ‘ಶಿರಾಜ್’. 2017ರಲ್ಲಿ ಅನುಷ್ಕಾ ಶಂಕರ್ ಅವರು ಅದಕ್ಕೆ ಹೊಸ ಸಂಗೀತ ಕಟ್ಟಿ, ಲಂಡನ್ನಿನಲ್ಲಿ ನುಡಿಸಿ, ಅದೇ ವರುಷ ನಮ್ಮ ದೇಶದ ಮುಂಬಯಿ, ದಿಲ್ಲಿ, ಕಲಕತ್ತಾ, ಹೈದರಾಬಾದುಗಳಲ್ಲಿಯೂ ಚಿತ್ರದೊಡನೆ ನುಡಿಸಿದರು. ಸಂಭಾಜಿನಗರದಲ್ಲಿ ಅಜಂತಾ-ವೇರೂಳ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನೆಲೆಯೂರಿ, 2025ರ ಜನವರಿಯಲ್ಲಿ ಅದರ ಹತ್ತನೆಯ ವರುಷದ ಉತ್ಸವ ನಡೆಯಿತು. ಒಳ್ಳೆಯ ಚಿತ್ರ ನೋಡುವ ಜನ ಅಲ್ಲಿ ಇದ್ದಾರೆಂದಾಯಿತು. ಕೊರತೆಯಿರುವುದು ನುಡಿಸುವ ಧೈರ್ಯದ್ದು.

ಧೈರ್ಯವೆಂದು ಏಕೆ ಹೇಳಿದೆವೆಂದರೆ, ನಮ್ಮ ಕಣ್ಣಿಗೆ ಬಿದ್ದ ಒಂದು ಸಂಗತಿ ಮನಸ್ಸನ್ನು ಕೊರೆಯುತ್ತಿದೆ. ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ನಮ್ಮ ಮಕ್ಕಳು ಹಾಡುವುದು ಈಗ ಮೊಬೈಲಿನಲ್ಲಿ ತುಂಬಿಟ್ಟ ‘ಟ್ರ್ಯಾಕ್’ ಹಚ್ಚಿಕೊಂಡು. ಯಂತ್ರ ಮುಂದೆ ಹೋಗುತ್ತದೆ, ಮಗು ಅದರ ಬೆನ್ನು ಹತ್ತಿ ಓಡುತ್ತದೆ. ಸಭೆಯಲ್ಲಿ ಕುಳಿತ ಹಿರಿಯರಲ್ಲಿ ಪೇಟಿ ಬಲ್ಲವರು ನಾಲ್ವರಿದ್ದರೂ ಅವರನ್ನು ಕರೆಯುವವರಿಲ್ಲ. ಗದಗಿನಿಂದಲೋ ಬೆಳಗಾವಿಯಿಂದಲೋ ನಲವತ್ತು ವರುಷದ ಹಿಂದೆ ಟ್ರಂಕಿನ ಜೊತೆಗೆ ಬಂದ ಪೇಟಿ ಈಗ ಅಟ್ಟದ ಮೇಲಿದೆ. ಅದರ ತಿದಿಗೆ ಜಿರಲೆ ಹತ್ತಿದೆ. ವಾದ್ಯ ಸುಮ್ಮನಾದ ಮನೆಯಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಕೂಡಿ ಮಾಡುವ ಕೆಲಸವೊಂದು ಕಡಿಮೆಯಾಗುತ್ತದೆ. ಕೂಡಿ ಮಾಡುವ ಕೆಲಸ ಹೋದಂತೆ ಕೂಡಿ ಆಡುವ ಮಾತೂ ಹೋಗುತ್ತದೆ. ಮಕ್ಕಳ ಕನ್ನಡ ಸೊರಗುತ್ತಿದೆಯೆಂದು ಪ್ರತಿಯೊಂದು ಸಭೆಯಲ್ಲಿಯೂ ನಾವು ಮರುಗುತ್ತೇವೆ. ಬರಿಯ ಮರುಕದಿಂದ ಒಂದು ಶಬ್ದವೂ ಹೆಚ್ಚಾದದ್ದನ್ನು ನಾವು ಕಾಣೆವು.

ಈ ಯೋಚನೆಯಿಂದಲೇ ಕಳೆದ ದೀಪಾವಳಿಯ ಬಿಡುವಿನಲ್ಲಿ ನಾಸಿಕದ ನಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಯೋಗ ನಡೆಸಿದೆವು. ಟೆಲಿವಿಜನ್ನಿನ ಸದ್ದು ಪೂರ್ತಿ ಅಡಗಿಸಿ ‘ಕಾಲಿಯ ಮರ್ದನ’ ಹಚ್ಚಿದೆವು. ಪೇಟಿಗೆ ಮನೆಯ ಹಿರಿಯರು. ತಬಲೆಗೆ ಕ್ಲಾಸಿಗೆ ಹೋಗಿ ಎರಡು ವರುಷ ಕಲಿತ ಮೊಮ್ಮಗಳು. ಪಕ್ಕದ ಮನೆಯ ಮರಾಠಿ ಹುಡುಗ ತನ್ನ ವಾರಕರಿ ಅಜ್ಜನ ತಾಳ ಹಿಡಿದುಕೊಂಡು ತಾನಾಗಿಯೇ ಬಂದ. ಹಿಂದಿಯ ಫಲಕಗಳನ್ನು ಮೊಮ್ಮಗ ಓದಬೇಕು, ಅದನ್ನು ಅಜ್ಜಿ ಕನ್ನಡದಲ್ಲಿ ಹೇಳಬೇಕು ಎಂದು ಗೊತ್ತಾಯಿತು.

ಮೊದಲ ಐದು ನಿಮಿಷ ಸಂತೆಯೇ. ಕೃಷ್ಣ ಬೆಣ್ಣೆ ಕದಿಯುವುದನ್ನು ನೋಡುತ್ತ ತಬಲೆ ನಿಂತಿತು. “ನೋಡ್ಕೋತ ಕುಂತ್ಯಾ? ಬಾರ್ಸವ್ವಾ!” ಎಂದು ಅಜ್ಜಿ ಗದರಿಸಿದರು. ಆಮೇಲೆ ಹದ ಸಿಕ್ಕಿತು. ಪುಂಡಾಟಕ್ಕೆ ಖಮಾಜಿನ ಧುನ್ ಒಂದು ಒದಗಿ ಬಂತು. ಹುಡುಗ ಹೊಳೆಗೆ ಹಾರುವ ಹೊತ್ತಿಗೆ ಮೊಮ್ಮಗ, “ಅಜ್ಜೀ, ಆ ಡೋಹದಾಗ ಸಾಪ ಐತಿ” ಎಂದ. “ಡೋಹ ಅಲ್ಲೋ, ಮಡು. ಕಾಳಿಂಗನ ಮಡು” ಎಂದು ಅಜ್ಜಿ ತಿದ್ದಿದರು. ಹಾವು ಎದ್ದಾಗ ‘ಹೆಡೆ’ ಎಂಬ ಶಬ್ದವೂ ಅವನ ಬಾಯಿಗೆ ಬಂತು. ಕೃಷ್ಣ ನೀರಿನಲ್ಲಿ ಮರೆಯಾದಾಗ ಅಜ್ಜ ಪೇಟಿಯ ತಿದಿ ಮುಚ್ಚಿ ಕೈ ಕಟ್ಟಿ ಕುಳಿತುಬಿಟ್ಟರು. ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇಲ್ಲ. ತಬಲೆಯ ಹುಡುಗಿ ಗಾಬರಿಯಿಂದ, “ಅಜ್ಜಾ, ಯಾಕ ನಿಲ್ಲಿಸಿದ್ರಿ?” ಎಂದಳು. “ಯಶೋದಾನ ಉಸಿರೇ ನಿಂತೈತಿ, ಪೇಟಿಗ್ಯಾಕವ್ವಾ ಉಸಿರು?” ಎಂದರು ಅಜ್ಜ. ದಂಡೆಯ ಜನ ಕೈಯೆತ್ತಿದಾಗ ಮತ್ತೆ ತಿದಿ ತೆರೆಯಿತು, ಮರಾಠಿ ಹುಡುಗನ ತಾಳ ಖಣಖಣನೆ ಎದ್ದಿತು. ಆ ಗದ್ದಲಕ್ಕೆ ಕೆಳಗಿನ ಮಹಡಿಯವರೂ ಬಂದು ಬಾಗಿಲಲ್ಲಿ ನಿಂತರು.

ಲಂಡನ್ನಿನ ವಾದ್ಯವೃಂದದ ಮುಂದೆ ಇದು ಏನೂ ಅಲ್ಲವೆಂದು ನಮಗೂ ಗೊತ್ತು. ಆದರೆ ಆ ಸಂಜೆ ಒಂದು ಹುಡುಗನಿಗೆ ಮಡುವೂ ಹೆಡೆಯೂ ಸಿಕ್ಕಿದವು. ಮಾರನೆಯ ದಿನ ಪೇಟಿ ಅಟ್ಟಕ್ಕೆ ಮರಳಿ ಹೋಗಲಿಲ್ಲ. ಬೆಲೆ ಕಟ್ಟುವವರು ಇದಕ್ಕೆ ಎಷ್ಟು ಕಟ್ಟಿಯಾರೋ ಕಟ್ಟಲಿ.

ಆದುದರಿಂದ ನಮ್ಮ ಸೂಚನೆ ಇದು. ಬರುವ ವಾರ್ಷಿಕ ಸಮ್ಮೇಳನದಲ್ಲಿ ನಮ್ಮ ಸಂಘ ಈ ಚಿತ್ರವನ್ನು ಪ್ರತ್ಯಕ್ಷ ಸಂಗೀತದೊಡನೆ ತೋರಿಸಲಿ. ನಾಸಿಕದಲ್ಲಿ ಒಮ್ಮೆ, ಸಂಭಾಜಿನಗರದಲ್ಲಿ ಒಮ್ಮೆ. ಎರಡೂ ಕಡೆ ಆಯಾ ಊರಿನವರೇ ನುಡಿಸಲಿ. ನಾಸಿಕದಲ್ಲಿ ಧಾರವಾಡ ಸೀಮೆಯ ಪೇಟಿ ತಬಲೆಗಳ ಜೊತೆಗೆ ಕರಾವಳಿಯ ಹೋಟೆಲಿನ ಬಂಧುಗಳ ಚೆಂಡೆ ಸೇರಲಿ. ಸಂಭಾಜಿನಗರದಲ್ಲಿ ಬೀದರ ಕಲಬುರಗಿಯ ಕಡೆಯವರ ಭಜನೆಯ ದಮ್ಮಡಿ, ಏಕತಾರಿ ನುಡಿಯಲಿ. ಒಂದೇ ಕೃಷ್ಣ ಎರಡೂರಲ್ಲಿ ಎರಡು ಬಗೆಯಾಗಿ ಕುಣಿದಾನು. ತಪೋವನ ಎಕ್ಸ್‌ಪ್ರೆಸ್ಸಿನಲ್ಲಿ ಅವರು ಇಲ್ಲಿಗೆ, ನಾವು ಅಲ್ಲಿಗೆ ಹೋಗಿ ನೋಡಿದರೆ ಬಂಧುತ್ವವೂ ಬೆಳೆದೀತು.

ಖರ್ಚಿನ ಭಯ ಬೇಡ. ನಮ್ಮ ಕಾನೂನಿನಂತೆ ಚಿತ್ರದ ಹಕ್ಕುಸ್ವಾಮ್ಯ ಪ್ರಕಟವಾದ ಮೇಲೆ 60 ವರುಷ; 1919ರ ಚಿತ್ರಕ್ಕೆ ಆ ಅವಧಿ ಎಂದೋ ಮುಗಿದಿದೆ. ಶುದ್ಧಿಮಾಡಿದ ಒಳ್ಳೆಯ ಪ್ರತಿ ಬೇಕೆಂದರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ, 1964ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ, ಪತ್ರ ಬರೆದು ಅಪ್ಪಣೆ ಕೇಳಬಹುದು. ನುಡಿಸುವವರು ಮಾತ್ರ ಕೆಲವು ನಿಯಮಗಳನ್ನು ಪಾಲಿಸಬೇಕು. ಚಿತ್ರವನ್ನು ಕಡಿಮೆಯೆಂದರೆ ಮೂರು ಸಲ ನೋಡಿ, ಯಾವ ದೃಶ್ಯ ಎಷ್ಟು ನಿಮಿಷವೆಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಎಲ್ಲರೂ ಒಂದೇ ಶ್ರುತಿಗೆ ಒಪ್ಪಬೇಕು. ತೆರೆ ಕಾಣುವಂತೆ ಓರೆಯಾಗಿ ಕುಳಿತು, ತಮ್ಮ ದೀಪದ ಬೆಳಕು ತೆರೆಗೆ ಬೀಳದಂತೆ ಮರೆಮಾಡಬೇಕು. ಇಡೀ ಹೊತ್ತು ನುಡಿಸುತ್ತಲೇ ಇರಬೇಕೆಂಬ ಹಟ ಬೇಡ. ಎಲ್ಲಿ ಸುಮ್ಮನಿರಬೇಕೆಂಬುದನ್ನೂ ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಸಿನಿಮಾ ಹಾಡುಗಳನ್ನು ತಂದು ತುರುಕಬಾರದು. ಕತೆ ಹೇಳುವ ಕೆಲಸವನ್ನು ಅಜ್ಜಿಯರಿಗೇ ಬಿಡುವುದು ಒಳ್ಳೆಯದು, ಅವರಷ್ಟು ಚೆನ್ನಾಗಿ ಹೇಳುವವರು ನಮ್ಮಲ್ಲಿ ಯಾರೂ ಇಲ್ಲ.

ಯಾವ ಯಾವ ಮನೆಯಲ್ಲಿ ಯಾವ ವಾದ್ಯವುಂಟು, ನುಡಿಸುವವರಾರು, ಕತೆ ಹೇಳುವವರಾರು ಎಂಬುದನ್ನು ಮುಂದಿನ ಸಂಚಿಕೆಯೊಳಗಾಗಿ ಸಂಘದ ಕಾರ್ಯಾಲಯಕ್ಕೆ ಒಂದು ಸಾಲಿನಲ್ಲಿ ಬರೆದು ತಿಳಿಸಬೇಕೆಂದು ಎರಡೂ ನಗರಗಳ ವಾಚಕರಲ್ಲಿ ನಮ್ಮ ಪ್ರಾರ್ಥನೆ. ಕೆಟ್ಟ ಪೇಟಿಯಿದ್ದರೆ ಅದನ್ನೂ ಬರೆಯಿರಿ. ತಿದಿ ಹೊಲಿದು ಸ್ವರ ಕೂಡಿಸುವ ಕಾರಾಗೀರರು ಎರಡೂ ಊರಲ್ಲಿ ಇನ್ನೂ ಇದ್ದಾರೆ. ಅವರ ಕೈಗೂ ನಾಲ್ಕು ದಿನ ಕೆಲಸ ಸಿಕ್ಕೀತು.